ಮಾದರಿ ಮನೆಯ ಯಜಮಾನ

ಪರದೆ ಹೊಲಿಯುವ ಟೈಲರ್‌ನನ್ನು ಎಲ್ಲರೂ ಚೋಟಣ್ಣ ಎಂದು ಕರೆಯುತ್ತಿದ್ದರು. ಚೋಟುದ್ದ ಇದ್ದಾನೆ ಎಂದು ಶಾಲೆಯಲ್ಲಿ ಯಾರೋ ಅಂಟಿಸಿದ ಹೆಸರು. ವಯಸ್ಸಾದ ಮೇಲೆ ಅದಕ್ಕೊಂದು ‘ಅಣ್ಣ’ ಸೇರಿಕೊಂಡಿತು, ಅಷ್ಟೇ. ಕುಳ್ಳಗಿರುವುದು ರೋಗವೇನಲ್ಲ. ಆದರೆ ಕುರ್ಚಿ, ಕೌಂಟರು, ಬಸ್ಸಿನ ಹಿಡಿಕೆ, ಕನ್ನಡಿ ಎಲ್ಲವನ್ನೂ ಬೇರೆ ಯಾರದೋ ಅಳತೆಗೆ ಮಾಡಿದ್ದಾರೆ ಎನ್ನುವುದು ಅವನಿಗೆ ದಿನವೂ ನೆನಪಾಗುತ್ತಿತ್ತು. ಎಲ್ಲಿ ಕೂತರೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮನೆಯವರ ಗುಂಪು ಫೋಟೋ ತೆಗೆಯುವಾಗ ಫೋಟೋಗ್ರಾಫರ್ ಅವನ ಭುಜ ಹಿಡಿದು ಮುಂದಿನ ಸಾಲಿಗೆ, ಮಕ್ಕಳ ಪಕ್ಕಕ್ಕೆ ತಂದು ನಿಲ್ಲಿಸುತ್ತಿದ್ದ. ತಲೆ ನರೆತ ಮೇಲೂ ಅದು ತಪ್ಪಲಿಲ್ಲ.

ಅವನ ಅಣ್ಣ ಮಾತ್ರ ಬಾಗಿಲಿಗೆ ತಲೆ ಬಗ್ಗಿಸಿ ಬರುವಂಥ ಆಳು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ‘ಎತ್ತರವನ್ನೆಲ್ಲ ದೊಡ್ಡವನಿಗೇ ಬಡಿಸಿಬಿಟ್ಟೆ, ಚಿಕ್ಕವನು ಬರುವಷ್ಟರಲ್ಲಿ ಪಾತ್ರೆ ತಳ ಕಂಡಿತ್ತು’ ಎಂದು ಅವರ ತಾಯಿ ನಗುತ್ತಿದ್ದಳು. ಚೋಟಣ್ಣನಿಗೆ ಹೆಣ್ಣು ನೋಡಲು ಹೋದ ಕಡೆಯೆಲ್ಲ ಆಕೆ ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎನ್ನುತ್ತಿದ್ದಳು. ಹೆಣ್ಣಿನ ಕಡೆಯವರು ಹೌದು ಹೌದು ಎಂದು ತಲೆಯಾಡಿಸಿ, ಟೀ ಕೊಟ್ಟು, ಕಳಿಸಿಕೊಡುತ್ತಿದ್ದರು. ತಾಯಿ ಸತ್ತ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಅಣ್ಣ ಅತ್ತಿಗೆ ಅವರ ಊರಿನಲ್ಲಿ, ಇವನು ದೂರದ ಈ ಊರಿನಲ್ಲಿ, ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಕಿಟಕಿಯ ಬಳಿ ಹೊಲಿಗೆ ಮೆಷಿನ್, ಗೋಡೆಗೆ ಒತ್ತಿದ ಮಂಚ, ಬೇಸಿಗೆಯಲ್ಲಿ ಕೆಳಗಿನಿಂದ ಏರಿ ಬರುವ ರಬ್ಬರಿನ ವಾಸನೆ. ಬೆಳಿಗ್ಗೆ ಎದ್ದ ಕೂಡಲೇ ರೇಡಿಯೊ ಹಾಕುತ್ತಿದ್ದ. ಅದರಲ್ಲಿ ಏನು ಹೇಳುತ್ತಾರೆ ಎಂದು ಅವನು ಕೇಳಿಸಿಕೊಂಡದ್ದು ಕಡಿಮೆ. ಕೋಣೆಯಲ್ಲಿ ಒಂದು ದನಿ ಇದ್ದರೆ ಸಾಕಿತ್ತು.

ಒಮ್ಮೆ ಒಬ್ಬ ಬಿಲ್ಡರ್‌ನ ಕಡೆಯಿಂದ ಪರದೆಯ ಕೆಲಸ ಬಂತು. ಊರ ಹೊರಗೆ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕಟ್ಟಡ ಇನ್ನೂ ಕಂಬಗಳಲ್ಲೇ ಇದ್ದರೂ ಕೊಳ್ಳುವವರಿಗೆ ತೋರಿಸಲೆಂದು ಕೆಳಗಡೆ ಒಂದು ಮಾದರಿ ಮನೆಯನ್ನು ಪೂರ್ತಿ ಸಿಂಗರಿಸಿ ಇಟ್ಟಿದ್ದರು. ಒಳಾಂಗಣದ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸಿನದು ಆ ಮನೆಯ ಉಸ್ತುವಾರಿ. ಸಣ್ಣ ಸಣ್ಣ ಉದ್ದಗೆರೆಯ ಬಟ್ಟೆ, ಚಾವಣಿಯಿಂದ ನೆಲದವರೆಗೂ ಇಳಿಯಬೇಕು, ಕಿಟಕಿ ಎಷ್ಟೇ ಚಿಕ್ಕದಿರಲಿ ಎಂದು ಆಕೆ ಹೇಳಿ ಕಳಿಸಿದ್ದಳು. ಚೋಟಣ್ಣ ಹೊಲಿದುಕೊಂಡು ಹೋಗಿ ಸ್ಟೂಲ್ ಹತ್ತಿ ತೂಗುಹಾಕಿದ. ಕೆಳಗಿಳಿದು ಸುಸ್ತಾಗಿ ಸೋಫಾದ ಮೇಲೆ ಕೂತ. ಕೂತ ಕೂಡಲೇ ಏನೋ ವಿಚಿತ್ರವೆನಿಸಿತು. ಅವನ ಎರಡೂ ಪಾದ ನೆಲದ ಮೇಲಿದ್ದವು.

ಬಾಗಿಲಲ್ಲಿ ನಿಂತಿದ್ದ ಮೇಡಂ ಕೂಗಿದಳು: “ಹಾಗೇ ಇರಿ! ಏಳಬೇಡಿ!”

ಅವನು ಬೆಚ್ಚಿದ. “ತಪ್ಪಾಯ್ತು ಮೇಡಂ, ಸ್ವಲ್ಪ ಸುಸ್ತಾಗಿತ್ತು ಅಂತ…”

“ತಪ್ಪಲ್ಲ ಕಣ್ರೀ. ಇಷ್ಟು ದಿನ ನಾನು ಹುಡುಕ್ತಾ ಇದ್ದಿದ್ದು ಇದನ್ನೇ. ಆ ಪೇಪರ್ ತಗೊಂಡು ಓದೋ ಥರ ಮಾಡಿ.”

ಆಕೆ ಆಮೇಲೆ ಬಿಡಿಸಿ ಹೇಳಿದಳು. ಸೋಫಾ, ಮಂಚ, ಊಟದ ಮೇಜು ಎಲ್ಲವನ್ನೂ ಮುಕ್ಕಾಲು ಅಳತೆಗೆ ಮಾಡಿಸಿದ್ದರು. ನೆಲದ ಹಾಸುಗಲ್ಲು ಬಾಗಿಲ ಬಳಿ ದೊಡ್ಡದು, ಒಳಗೆ ಹೋದಂತೆ ಚಿಕ್ಕದು. ಹಾಗಾಗಿ ಹಜಾರ ಉದ್ದವಾಗಿ ಕಾಣುತ್ತಿತ್ತು. ಒಂದು ಗೋಡೆಯ ತುಂಬ ಕನ್ನಡಿ. ಕೋಣೆಗಳಿಗೆ ಕದಗಳೇ ಇಲ್ಲ. ಬಂದವರು ಹಗ್ಗದ ಆಚೆ ನಿಂತು ನೋಡಬೇಕು. ‘ಪಾಲಿಶ್ ಹಸಿ ಇದೆ, ಕೂರಬೇಡಿ’ ಎಂಬ ಫಲಕ ಬೇರೆ.

“ಕಣ್ಣು ಅಳತೆ ಮಾಡಲ್ಲ, ಹೋಲಿಸಿ ನೋಡುತ್ತೆ,” ಎಂದಳು ಮೇಡಂ. “ಖಾಲಿ ಮನೇಲಿ ಹೋಲಿಸೋಕೆ ಏನೂ ಇಲ್ಲ. ನೀವು ಅಲ್ಲಿ ಕೂತ್ರಿ ನೋಡಿ, ಸೋಫಾ ದೊಡ್ಡದಾಯ್ತು, ಹಜಾರ ಮೈದಾನ ಆಯ್ತು. ದಿನಾ ಬಂದು ಕೂತ್ಕೋತೀರಾ? ಮನೆ ಯಜಮಾನರ ಥರ?”

ಅಂಗೈಯಲ್ಲಿ ಅರಮನೆ ತೋರಿಸುವ ಕೆಲಸ ಎಂದು ಅವನಿಗೆ ಅರ್ಥವಾಯಿತು. ಒಂದು ದಿನ ಯೋಚಿಸಿದ. ಹಗಲಿಡೀ ಆ ಕೋಣೆಯಲ್ಲಿ ಮೆಷಿನ್ ತುಳಿಯುವ ಬದಲು ಜನ ಬಂದು ಹೋಗುವ ಕಡೆ ಕೂರಬಹುದಲ್ಲ ಎನಿಸಿ ಒಪ್ಪಿಕೊಂಡ.

ವಾರ ಕಳೆಯುವಷ್ಟರಲ್ಲಿ ಮೇಡಂ ಒಬ್ಬ ‘ಯಜಮಾನಿ’ಯನ್ನೂ ಹುಡುಕಿ ತಂದಳು. ಹಳೆಯ ಸಿನಿಮಾ ಥಿಯೇಟರಿನ ಟಿಕೆಟ್ ಕಿಂಡಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಹೆಂಗಸು. ಊರಿನವರಿಗೆಲ್ಲ ಆಕೆ ಕಿಂಡಿ ಅಕ್ಕ. ಒಳಗೆ ಎತ್ತರದ ಸ್ಟೂಲಿನ ಮೇಲೆ ಕೂರುತ್ತಿದ್ದುದರಿಂದ ಆಕೆ ಕುಳ್ಳಿ ಎಂದು ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಥಿಯೇಟರ್ ಮುಚ್ಚಿದ ದಿನ ಆಕೆ ಹೊರಗೆ ಬಂದಾಗ ವಾರವಾರವೂ ಟಿಕೆಟ್ ಕೊಳ್ಳುತ್ತಿದ್ದವರೇ ಗುರುತಿಸಲಿಲ್ಲವಂತೆ. ಅದನ್ನು ಆಕೆ ನಗುತ್ತಲೇ ಹೇಳಿದಳು.

ಚೋಟಣ್ಣ ಮೊದಲ ದಿನ ಗೌರವದಿಂದ, “ಅಕ್ಕ, ನೀವು ಈ ಕಡೆ ಕೂತ್ಕೊಳ್ಳಿ,” ಎಂದ.

ಮೇಡಂ ಹಣೆ ಚಚ್ಚಿಕೊಂಡಳು. “ಹೆಂಡತೀನ ಅಕ್ಕ ಅಂತಾರೇನ್ರೀ ಯಾರಾದ್ರೂ? ಗಿರಾಕಿಗಳು ಓಡಿಹೋಗ್ತಾರೆ.”

ಕಿಂಡಿ ಅಕ್ಕನಿಗೆ ಅಂಥ ಮುಜುಗರವೇನೂ ಇರಲಿಲ್ಲ. ಮೊದಲ ಗಿರಾಕಿಗಳು ಒಳಗೆ ಬಂದದ್ದೇ ತಡ, ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, “ರೀ, ಟೀ ತರ್ಲಾ?” ಎಂದಳು.

ಆ ಒಂದಕ್ಷರ ಅವನನ್ನು ಉದ್ದೇಶಿಸಿ ಹಾಗೆ ಬಂದದ್ದು ಅದೇ ಮೊದಲು. ‘ರೀ ಟೈಲರ್’, ‘ರೀ ಸ್ವಲ್ಪ ಸರೀರಿ’ ಎಂದು ಜನ ಕರೆದಿದ್ದರು. ಇದು ಬೇರೆ. ಅವನು ಪೇಪರ್ ಮಡಿಸಿಟ್ಟ. “ಹ್ಞಾಂ… ತಗೊಂಡ್ ಬಾ,” ಎಂದ. ಆಕೆ ಖಾಲಿ ಕಪ್ಪು ತಂದುಕೊಟ್ಟಳು. ಅವನು ಅದನ್ನು ಊದಿ ಊದಿ ಕುಡಿದ.

ದಿನಗಳು ಚೆನ್ನಾಗಿಯೇ ಕಳೆದವು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರಿಬ್ಬರೂ ಆ ಪುಟ್ಟ ಮೇಜಿನ ಮುಂದೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ಆ ಮನೆಯಲ್ಲಿ ಒಲೆಗೆ ಗ್ಯಾಸ್ ಇರಲಿಲ್ಲ, ನಲ್ಲಿಗೆ ನೀರಿನ ಸಂಪರ್ಕ ಇರಲಿಲ್ಲ, ಫ್ರಿಜ್ಜು ಬರೀ ಹೊರಕವಚ, ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ ಇತ್ತು. ಆದರೂ ಚೋಟಣ್ಣ ಶರಟಿಗೆ ಇಸ್ತ್ರಿ ಹಾಕಿಕೊಂಡು ಬರತೊಡಗಿದ. ಬೆಳಿಗ್ಗೆ ರೇಡಿಯೊ ಹಾಕುವುದನ್ನೂ ಮರೆಯುತ್ತಿದ್ದ. ಸಿನಿಮಾ ಕತೆಗಳನ್ನು ಆಕೆ ಸೊಗಸಾಗಿ ಹೇಳುತ್ತಿದ್ದಳು, ಆದರೆ ಯಾವುದಕ್ಕೂ ಪೂರ್ತಿ ಕೊನೆ ಇರುತ್ತಿರಲಿಲ್ಲ. “ಕೌಂಟರ್ ಮುಚ್ಚಿ ಒಳಗೆ ಹೋಗೋಷ್ಟರಲ್ಲಿ ಶುರು ಮುಗಿದಿರೋದು, ಮುಂದಿನ ಶೋಗೆ ಟಿಕೆಟ್ ಕೊಡೋಕೆ ಮೊದಲೇ ಎದ್ದು ಬರ್ಬೇಕಿತ್ತು. ನಾನು ನೋಡಿರೋದೆಲ್ಲ ಮಧ್ಯದ್ದು ಕಣ್ರೀ ಟೈಲರೇ,” ಎನ್ನುತ್ತಿದ್ದಳು.

ಬಂದವರಲ್ಲಿ ಹೆಚ್ಚಿನವರು ಮೂಗಿನ ಮೇಲೆ ಬೆರಳಿಟ್ಟು, ಎಷ್ಟು ವಿಶಾಲ ಎಂದು ಹೊಗಳಿ ಹೋಗುತ್ತಿದ್ದರು. ಒಬ್ಬ ಉದ್ದನೆಯ ಅಂಚೆಯವನು ಹೆಂಡತಿಯೊಂದಿಗೆ ಬಂದು ಬಹಳ ಹೊತ್ತು ಮಲಗುವ ಕೋಣೆಯನ್ನೇ ನೋಡುತ್ತ ನಿಂತಿದ್ದ. “ಇಲ್ಲಿ ಅಮ್ಮನ ಬೀರು ಇಟ್ರೂ ಇನ್ನೂ ಜಾಗ ಮಿಗುತ್ತೆ, ಅಲ್ವಾ ಸಾರ್?” ಎಂದು ಚೋಟಣ್ಣನನ್ನೇ ಕೇಳಿದ. ಚೋಟಣ್ಣ ಪೇಪರಿನಿಂದ ತಲೆಯೆತ್ತದೆ, “ನಮಗಂತೂ ಧಾರಾಳ ಆಗಿದೆ,” ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಮಧ್ಯಾಹ್ನ ಅವನಿಗೆ ಊಟ ರುಚಿಸಲಿಲ್ಲ.

ಮಾರಾಟ ಚುರುಕಾಗಲೆಂದು ಬಿಲ್ಡರ್ ಅವರಿಬ್ಬರ ಫೋಟೋ ತೆಗೆಸಿದ. ಕ್ಯಾಮೆರಾವನ್ನು ಮೂಲೆಯಲ್ಲಿ, ಹೆಚ್ಚುಕಡಿಮೆ ನೆಲಕ್ಕೆ ತಾಗಿಸಿ ಇಟ್ಟಿದ್ದರು. ಚಿತ್ರದಲ್ಲಿ ಹಜಾರ ರೈಲು ನಿಲ್ದಾಣದಷ್ಟು ಉದ್ದವಾಗಿ, ಅದರ ನಡುವೆ ಗಂಡ ಹೆಂಡತಿ ನಗುತ್ತ ಕೂತಿದ್ದರು. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಚಿತ್ರ ಕಾಲ್ಪನಿಕ’ ಎಂದಿತ್ತು. ಆ ಚಿತ್ರ ಊರೂರಿನ ವೃತ್ತಗಳಲ್ಲಿ ಹೋರ್ಡಿಂಗ್ ಆಗಿ ಏರಿತು. ಚೋಟಣ್ಣ ಬಸ್ಸಿನ ಕಿಟಕಿಯಿಂದ ತನ್ನದೇ ಮುಖವನ್ನು ನೋಡಿದ. ಮುಖವೊಂದೇ ಬಸ್ಸಿಗಿಂತ ದೊಡ್ಡದಿತ್ತು.

ಆ ಭಾನುವಾರ ಅಣ್ಣನ ಫೋನ್ ಬಂತು.

“ಏನೋ, ಮದುವೆ ಆದ್ಯಂತೆ? ನಮ್ಮೂರ ಸ್ಟೇಷನ್ ಮುಂದೆ ನಿನ್ ಫೋಟೋ ಹಾಕಿದ್ದಾರೆ. ಹೆಂಡತಿ ಪಕ್ಕದಲ್ಲಿ ಕೂತಿದ್ದೀಯ. ಒಂದು ಮಾತು ಹೇಳ್ಬಾರದಿತ್ತಾ? ನಾನೇನು ಸತ್ತಿದ್ನಾ?”

ಅಲ್ಲ ಅಣ್ಣ, ಅದು ಜಾಹೀರಾತು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಣ್ಣನೇ ಮುಂದುವರಿಸಿದ. “ಬೈತಿಲ್ಲ ಕಣೋ. ನಾನು, ನಿಮ್ಮತ್ತಿಗೆ ಅದರ ಮುಂದೆ ಎಷ್ಟೊತ್ತು ನಿಂತಿದ್ವಿ ಗೊತ್ತಾ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡನ್ನೂ ಒಟ್ಟಿಗೇ ಮುಗಿಸಿಬಿಟ್ಟೆಯಲ್ಲೋ! ಅಮ್ಮ ಇರ್ಬೇಕಿತ್ತು.”

“ಹ್ಞೂಂ,” ಎಂದ ಚೋಟಣ್ಣ. ಮುಂದಿನದನ್ನೆಲ್ಲ ಆ ಒಂದು ‘ಹ್ಞೂಂ’ ಎಳೆದುಕೊಂಡು ಹೋಯಿತು. ಅಣ್ಣ ಅತ್ತಿಗೆ ನೋಡಲು ಬರುತ್ತೇವೆಂದರು. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ.

ಮಾರನೆಯ ದಿನ ಕಿಂಡಿ ಅಕ್ಕ ಡಬ್ಬಿ ತೊಳೆಯಲು ಕ್ಯಾನಿನ ನೀರು ಬಗ್ಗಿಸುತ್ತಿದ್ದಾಗ ಅವನು ತೊದಲುತ್ತ ವಿಷಯ ಹೇಳಿದ. ರಜೆಯ ದಿನ, ಒಂದೇ ದಿನ, ಬೆಳಿಗ್ಗೆ ಬಂದು ಸಂಜೆ ರೈಲಿಗೆ ಹೋಗಿಬಿಡುತ್ತಾರೆ. ಬೀಗದ ಕೈ ಹೇಗೂ ತನ್ನ ಹತ್ತಿರವೇ ಇದೆ.

ಆಕೆ ಕ್ಯಾನನ್ನು ಕೆಳಗಿಟ್ಟಳು. “ಅಂದ್ರೆ ಟಿಕೆಟ್ ಇಲ್ದೆ ಒಂದು ಶೋ ತೋರಿಸು ಅಂತೀರಾ?”

“ಬೇರೆ ದಾರಿ ತೋಚ್ಲಿಲ್ಲ.”

“ನಿಜ ಹೇಳೋ ದಾರಿ ಇತ್ತಲ್ಲ,” ಎಂದಳು. ಆಮೇಲೆ ಅವನ ಮುಖ ನೋಡಿ, “ಸರಿ. ಒಂದ್ಸಲ. ಅಡುಗೆ ನಾನು ಮನೆಯಿಂದ ಮಾಡ್ಕೊಂಡು ಬರ್ತೀನಿ,” ಎಂದಳು.

ಹಗ್ಗ, ಫಲಕಗಳನ್ನು ಅಡಗಿಸಿಟ್ಟರು; ಮೇಲಿನ ಮಹಡಿಗಳು ಇನ್ನೂ ಏಳುತ್ತಿವೆ, ನಮಗೆ ಕೆಳಗಿನದು ಮೊದಲೇ ಸಿಕ್ಕಿತು ಎಂದು ಹೇಳುವುದೆಂದಾಯಿತು. ಅಣ್ಣ ಅತ್ತಿಗೆಯೊಡನೆ ಬಂದ. ಬಾಗಿಲಲ್ಲಿ ಬಗ್ಗಿದ. ಸೋಫಾದ ಮೇಲೆ ಕೂತಾಗ ಮಂಡಿಗಳು ಎದೆಯವರೆಗೆ ಬಂದವು. ಅತ್ತಿತ್ತ ನೋಡಿದ, ಮೇಜನ್ನು ಮುಟ್ಟಿದ, ಕುರ್ಚಿಯ ಕಾಲನ್ನು ಗೇಣಿನಿಂದ ಅಳೆದ. ಬಣ್ಣ ಬಯಲಾಯಿತೆಂದುಕೊಂಡ ಚೋಟಣ್ಣ.

“ಲೋ,” ಎಂದ ಅಣ್ಣ ಮೆಲ್ಲಗೆ, “ಎಲ್ಲಾನೂ ನಿನ್ನ ಅಳತೆಗೇ ಮಾಡಿಸ್ಕೊಂಡಿದ್ದೀಯ.”

“ಹ್ಞೂಂ, ಅಣ್ಣ.”

“ಒಳ್ಳೇದು ಮಾಡ್ದೆ. ಎಷ್ಟು ದಿನ ಅಂತ ಬೇರೆಯವರ ಕುರ್ಚಿ ಮೇಲೆ ಕಾಲು ತೂಗಾಡಿಸ್ಕೊಂಡು ಕೂರೋದು?”

ಊಟಕ್ಕೆ ಎಲ್ಲರೂ ಪುಟ್ಟ ಮೇಜಿನ ಸುತ್ತ ಕೂತರು. ಕಿಂಡಿ ಅಕ್ಕ ಬಡಿಸಿದಳು, ಹಾಸ್ಯ ಮಾಡಿದಳು, “ರೀ, ನಿಮ್ಮಣ್ಣಂಗೆ ಇನ್ನೊಂಚೂರು ಹಾಕ್ರಿ,” ಎಂದು ಗದರಿದಳು. ಅತ್ತಿಗೆ ಕೈ ತೊಳೆಯುತ್ತೇನೆಂದು ಅಡುಗೆಮನೆಗೆ ಹೋಗಿ ಬಂದವರು ಬಳಿಕ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಅಣ್ಣ ಕಿಂಡಿ ಅಕ್ಕನ ತಲೆಯ ಮೇಲೆ ತನ್ನ ದೊಡ್ಡ ಕೈ ಇಟ್ಟ.

“ಇವನು ಚಿಕ್ಕವನಿದ್ದಾಗ ಶಾಲೆಯಿಂದ ಬೇಗ ಬಂದ್ರೆ ಬಾಗಿಲ ಚಿಲಕ ಎಟುಕದೆ ಮೆಟ್ಟಿಲ ಮೇಲೇ ಕೂತಿರ್ತಿದ್ದ ಕಣಮ್ಮ. ಪಕ್ಕದ ಮನೆಯವರನ್ನ ಕರೆಯೋಕೂ ನಾಚಿಕೆ. ನಾನು ಬಂದು ತೆಗೀಬೇಕಿತ್ತು. ನಾನೂ ಊರು ಬಿಟ್ಟ ಮೇಲೆ, ಪಾಪ, ಇವನು ಎಲ್ಲೆಲ್ಲಿ ಹಾಗೆ ಕೂತಿರ್ತಾನೋ ಅನ್ನಿಸ್ತಿತ್ತು. ಇನ್ನು ನೀನಿದ್ದೀಯ. ನಂಗೆ ಚಿಂತೆ ಇಲ್ಲ.”

ಆಕೆ ತಲೆ ತಗ್ಗಿಸಿದಳು.

ಅವರನ್ನು ರೈಲು ಹತ್ತಿಸಿ ಬಂದಾಗ ಆಕೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. “ಇನ್ನೊಂದ್ಸಲ ಕೇಳ್ಬೇಡಿ ಟೈಲರೇ. ಗಿರಾಕಿಗಳ ಕಣ್ಣಿಗೆ ಮಣ್ಣೆರಚೋದು ಸಂಬಳಕ್ಕೆ. ನಿಮ್ಮಣ್ಣ ತಲೆ ಮೇಲೆ ಕೈ ಇಟ್ರು. ಅದು ಆ ಲೆಕ್ಕಕ್ಕೆ ಬರಲ್ಲ.”

ಚೋಟಣ್ಣ ಬಾಗಿಲ ಬಳಿಯೇ ನಿಂತು, “ಇದನ್ನೇ ನಿಜ ಮಾಡ್ಕೊಂಡ್ರೆ?” ಎಂದ. ಇಷ್ಟು ವರ್ಷದಲ್ಲಿ ಅವನು ಯಾರನ್ನೂ ತಾನೇ ಕೇಳಿದವನಲ್ಲ. ಕೇಳುತ್ತಿದ್ದವಳು ತಾಯಿ.

ಆಕೆ ಚೀಲ ಕೆಳಗಿಟ್ಟು ಪುಟ್ಟ ಕುರ್ಚಿಯಲ್ಲಿ ಕೂತಳು. “ನಿಜದ್ದು ನಾನು ಒಂದ್ಸಲ ಮಾಡಿ ನೋಡಿದೀನಿ. ಅವನು ದಿನಾ ಕಿಂಡಿ ಹತ್ರ ಬರೋನು. ಮಾತು ಚೆನ್ನಾಗಿತ್ತು. ಒಂದಿನ ಹೊರಗೆ ಬಾ ಅಂದ, ಹೋದೆ. ನನ್ನ ನೋಡಿದ ಕೂಡಲೇ ಅವನ ಮುಖ ಒಂದು ಥರ ಆಯ್ತು. ಕೊಟ್ಟ ಮಾತಿಗೆ ಮದುವೆ ಏನೋ ಆದ. ಅವನು ಬಿಟ್ಟು ಹೋಗೋವರೆಗೂ ಆ ಮುಖ ನೋಡ್ಕೊಂಡೇ ಬದುಕಿದೆ.”

“ನನ್ ಮುಖ ಹಾಗಾಗಲ್ಲ.”

“ಗೊತ್ತು. ನೀವು ಒಳ್ಳೆಯವರು. ಆದ್ರೆ ಸಂಜೆ ನಾನೊಬ್ಳೇ ಹೋಗಿ ನನ್ ಬಾಗಿಲು ತೆಗೆದು ಒಳಗೆ ಹೋಗ್ತೀನಲ್ಲ, ಆವಾಗ ನಂಗೆ ಸಮಾಧಾನ ಆಗುತ್ತೆ. ನಿಮಗೆ ಅದೇ ಹೊತ್ತು ಕಷ್ಟ. ನಾವಿಬ್ರೂ ಎತ್ತರದಲ್ಲಿ ಮಾತ್ರ ಒಂದೇ ಕಣ್ರೀ.”

ಮಾರನೆಯ ದಿನದಿಂದಲೂ ಆಕೆ ಬಂದಳು. ಊಟಕ್ಕೆ ಜೊತೆಗೇ ಕೂತಳು. ಆದರೆ ‘ರೀ’ ಎನ್ನುವುದು ಹಗ್ಗದ ಆಚೆ ಜನ ಇದ್ದಾಗ ಮಾತ್ರ. ಅವನು ಆಮೇಲೆ ಗಿರಾಕಿಗಳು ಬರಲಿ ಎಂದು ಕಾಯುವಂತಾಯಿತು.

ಮನೆಗಳೆಲ್ಲ ಮಾರಾಟವಾದವು. ಕಟ್ಟಡ ಎದ್ದು ಮೊದಲ ಕಂತಿನವರು ವಾಸಕ್ಕೆ ಬಂದರು. ಒಂದು ಮನೆಗೆ ಪರದೆ ಹಾಕಲು ಮೇಲಿನ ಮಹಡಿಗೆ ಹೋಗಿದ್ದ ದಿನ ಲಿಫ್ಟಿನ ಮುಂದೆ ಚೋಟಣ್ಣನಿಗೆ ಆ ಅಂಚೆಯವನು ಎದುರಾದ. ಅವನ ಹಿಂದೆ ಹಳೆಯ ಮರದ ಬೀರು ಹಗ್ಗ ಬಿಚ್ಚಿಸಿಕೊಂಡು ನಿಂತಿತ್ತು. “ಬಾಗಿಲಲ್ಲೇ ಹಿಡಿಸ್ತಿಲ್ಲ ಸಾರ್. ಹಿಡಿಸಿದ್ರೂ ಮಂಚ ಹಾಕಿದ ಮೇಲೆ ತಿರುಗೋಕೆ ಜಾಗ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಹಾಸಿಗೆ ಇದ್ದಷ್ಟು ಕೋಣೇನೇ ಇಲ್ಲ,” ಎಂದ. ಸಿಟ್ಟಿನಿಂದ ಹೇಳಲಿಲ್ಲ. “ನೀವಿಬ್ರೂ ಅಷ್ಟು ಆರಾಮಾಗಿ ಕೂತಿದ್ರಿ. ನಿಮ್ಮನ್ನ ನೋಡೇ ತಗೊಂಡ್ವಿ. ನಿಮ್ದು ಯಾವ ಮಹಡಿ?” ಚೋಟಣ್ಣ ಮೆಟ್ಟಿಲ ಕಡೆ ಕೈ ತೋರಿಸಿ, ಲಿಫ್ಟಿಗೆ ಕಾಯದೆ ಇಳಿದು ಹೋದ.

ಅದಾದ ಸ್ವಲ್ಪ ದಿನಕ್ಕೆ ಮಾದರಿ ಮನೆಯನ್ನು ಬಿಚ್ಚಿದರು. ಸೋಫಾ, ಮಂಚ, ಮೇಜು ಎಲ್ಲ ಒಂದು ಸಣ್ಣ ಲಾರಿಗೆ ಹಿಡಿಸಿದವು. ಮೇಡಂಗೆ ಬೇರೆ ಊರಿನಲ್ಲಿ ಹೊಸ ಕೆಲಸ ಸಿಕ್ಕಿತ್ತು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕರೆದೊಯ್ಯಬಹುದು, ಅದೇ ಜೋಡಿ ಎರಡು ಊರಲ್ಲಿ ಕಂಡರೆ ಜನ ಗುರುತು ಹಿಡಿಯುತ್ತಾರೆ ಎಂದಳು. ಚೋಟಣ್ಣ ಏನೂ ಹೇಳುವ ಮೊದಲೇ ಕಿಂಡಿ ಅಕ್ಕ, “ನಾನು ಹೋಗ್ತೀನಿ,” ಎಂದಳು. ಹೊರಡುವ ದಿನ ಅವನ ಕೈಗೆ ತನ್ನ ಸ್ಟೀಲ್ ಡಬ್ಬಿಯನ್ನು ಕೊಟ್ಟಳು. “ನಿಮ್ದರ ಮುಚ್ಚಳ ಸರಿಯಿಲ್ಲ,” ಎಂದಳು, ಅಷ್ಟೇ. ಕೆಲವು ತಿಂಗಳ ಮೇಲೆ ಪೇಪರಿನಲ್ಲಿ ಒಂದು ಹಜಾರದ ಚಿತ್ರ ಬಂತು. ಅದೇ ಸೋಫಾ, ಬೇರೆ ಪರದೆ, ಆಕೆಯ ಪಕ್ಕದಲ್ಲಿ ಕನ್ನಡಕದ ಕುಳ್ಳನೊಬ್ಬ. ಚೋಟಣ್ಣ ಪರದೆಯ ಹೊಲಿಗೆಯನ್ನು ನೋಡಿದ. ನೆರಿಗೆ ಸರಿಯಾಗಿ ಬಿದ್ದಿರಲಿಲ್ಲ.

ಇಷ್ಟೆಲ್ಲ ಆದರೂ ಅಣ್ಣ ಪ್ರತಿ ಭಾನುವಾರ ಫೋನ್ ಮಾಡಿ, “ಅವಳಿಗೆ ಕೊಡು,” ಎನ್ನುತ್ತಿದ್ದ. ಅಂಗಡಿಗೆ ಹೋಗಿದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ, ಈಗಷ್ಟೇ ಮಲಗಿದಳು. ಕೊನೆಗೆ ತಡೆಯಲಾರದೆ ಚೋಟಣ್ಣ ನಿಜ ಹೇಳಿಬಿಡುತ್ತೇನೆಂದು ಅಣ್ಣನ ಊರಿಗೇ ಹೋದ. ಅಣ್ಣ ಔಷಧಿ ತರಲು ಹೋಗಿದ್ದ. ಅತ್ತಿಗೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರು. ಈ ಅತ್ತಿಗೆ ಮದುವೆಯಾಗಿ ಮನೆಗೆ ಬಂದಾಗ ಅವನು ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಆಕೆಯೆದುರು ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

“ಅತ್ತಿಗೆ, ಒಂದು ವಿಷಯ ಹೇಳ್ಬೇಕಿತ್ತು.”

“ಗೊತ್ತು ಬಿಡು,” ಎಂದರು ಅವರು ಕೈ ನಿಲ್ಲಿಸದೆ. “ಆವತ್ತು ನಿನ್ನ ಅಡುಗೆಮನೆ ನಲ್ಲಿ ತಿರುಗಿಸಿದೆ. ನೀರಿರ್ಲಿ, ಗಾಳಿ ಕೂಡ ಬರ್ಲಿಲ್ಲ. ಫ್ರಿಜ್ ತೆಗೆದ್ರೆ ಒಳಗೆ ಕತ್ತಲು.”

ಚೋಟಣ್ಣ ಅವರೆದುರು ನೆಲದ ಮೇಲೆ ಕೂತ.

“ನಿಮ್ಮಣ್ಣಂಗೆ ನಾನು ಹೇಳಿಲ್ಲ. ನೀನೂ ಹೇಳ್ಬೇಡ. ಅವರ ಎದೆ ಮೊದಲಿನ ಹಾಗಿಲ್ಲ. ಅಲ್ಲಿಂದ ಬಂದ ಮೇಲೆ ‘ನನ್ ತಮ್ಮಂಗೆ ಒಂದು ನೆಲೆ ಆಯ್ತು’ ಅಂತ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಓಡಾಡ್ತಾರೆ. ಹಾಗೇ ಇರ್ಲಿ.” ಸ್ವಲ್ಪ ತಡೆದು, “ಆ ಹೆಂಗಸು ಒಳ್ಳೆಯವಳು ಅನ್ನಿಸ್ತು. ಆಗ್ಲಿಲ್ವಾ?” ಎಂದರು.

“ಇಲ್ಲ ಅತ್ತಿಗೆ.”

ಅವರು ಬಟಾಣಿಯ ಅರ್ಧ ರಾಶಿಯನ್ನು ಅವನ ಕಡೆ ಸರಿಸಿದರು. ಇಬ್ಬರೂ ಕೂಡಿ ಬಿಡಿಸಿದರು.

ಹೀಗೆ ಇಲ್ಲದ ಹೆಂಡತಿ ಉಳಿದುಕೊಂಡಳು. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪರದೆ ಹೊಲಿಯುತ್ತ ಚೋಟಣ್ಣ ಭಾನುವಾರಕ್ಕೆ ಏನು ಹೇಳಬೇಕೆಂದು ವಾರವಿಡೀ ಯೋಚಿಸುತ್ತಿದ್ದ. ಅವಳಿಗೆ ನೆಗಡಿ. ಅವಳು ಕಿಟಕಿಗೆ ಹೂವಿನ ಕುಂಡ ತಂದಳು. ನಿನ್ನೆ ಉಪ್ಪು ಹೆಚ್ಚು ಹಾಕಿದ್ದಳು, ನಾನು ಸುಮ್ಮನೆ ತಿಂದೆ. ಅಣ್ಣ ಆ ಕಡೆ ನಗುತ್ತಿದ್ದ: “ಎಲ್ಲಾ ಗಂಡಂದಿರ ಪಾಡೂ ಅದೇ ಕಣೋ.” ಫೋನಿಟ್ಟ ಮೇಲೆ ಕೋಣೆ ಮೊದಲಿಗಿಂತ ಖಾಲಿಯಾಗುತ್ತಿತ್ತು. ನಿಜಕ್ಕೂ ಯಾರೋ ಈಗಷ್ಟೇ ಎದ್ದು ಹೋದ ಹಾಗೆ.

ಎರಡು ಚಳಿಗಾಲ ಕಳೆದ ಮೇಲೆ ಅಣ್ಣ ತೀರಿಕೊಂಡ. ಸಾವಿನ ಮನೆಯಲ್ಲಿ ದೂರದ ಸೋದರತ್ತೆಯೊಬ್ಬಳು ಎಲ್ಲರಿಗೂ ಕೇಳಿಸುವಂತೆ, “ಎಲ್ಲಪ್ಪಾ ನಿನ್ ಹೆಂಡ್ತಿ? ಭಾವ ಸತ್ರೂ ಬರಬಾರದಾ?” ಎಂದಳು. ಚೋಟಣ್ಣ ಅಣ್ಣನ ಪಾದಗಳನ್ನೇ ನೋಡುತ್ತಿದ್ದ. ಅವು ಮಂಚದ ತುದಿಯನ್ನು ದಾಟಿ ಹೊರಗೆ ಚಾಚಿದ್ದವು.

ಅತ್ತಿಗೆ ತಲೆಯೆತ್ತದೆ ಹೇಳಿದರು: “ಅವರಿಬ್ಬರದ್ದೂ ಮುಗೀತು. ಅದನ್ನ ಯಾರೂ ಕೇಳ್ಬೇಡಿ.”

ಅಷ್ಟಕ್ಕೆ ಆ ಇಲ್ಲದ ಹೆಂಡತಿಯೂ ಹೋದಳು.

ಆಮೇಲಿನ ಭಾನುವಾರ ಹೇಳಲು ಏನೂ ಇಲ್ಲದೆ, ಹೇಳಿಸಿಕೊಳ್ಳಲು ಯಾರೂ ಇಲ್ಲದೆ ಚೋಟಣ್ಣ ಮೆಷಿನ್ನಿನ ಮುಂದೆ ಕೂತಿದ್ದ. ಮಧ್ಯಾಹ್ನ ಫೋನ್ ಬಂತು. ಅತ್ತಿಗೆ.

“ಊಟ ಆಯ್ತಾ?”

“ಆಯ್ತು ಅತ್ತಿಗೆ.”

“ಏನಿತ್ತು?”

ಅವನು ಅಭ್ಯಾಸಬಲದಿಂದ, “ಅವಳು…” ಎಂದು ತಡೆದ. ಅತ್ತಿಗೆ ಆ ಕಡೆ ಸುಮ್ಮನೆ ಕಾದರು.

“ಮೊಟ್ಟೆ ಬೇಯಿಸ್ಕೊಂಡೆ,” ಎಂದ. “ನಿನ್ನೆಯ ಬ್ರೆಡ್ಡಿತ್ತು.”

“ಅಷ್ಟೇನಾ?”

“ಅಷ್ಟೇ.”

“ನಂದೂ ಅಷ್ಟೇ,” ಎಂದರು ಅತ್ತಿಗೆ. ಸ್ವಲ್ಪ ಹೊತ್ತು ಯಾರೂ ಫೋನ್ ಇಡಲಿಲ್ಲ.

ಆಮೇಲೆ ಅವನು ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಸರಿಮಾಡಿದ. ಒಂದು ಆಸ್ಪತ್ರೆಯವರು ಹಾಸಿಗೆಗಳ ನಡುವೆ ಎಳೆಯಲು ಪರದೆ ಹೇಳಿದ್ದರು. ಹಸಿರು ಬಟ್ಟೆ, ಗೆರೆಗಳಿಲ್ಲ. ಕೆಳಗೆ ಟೈರ್ ಅಂಗಡಿಯ ಬಾಗಿಲು ಎಳೆದಿತ್ತು. ಬೆಳಕು ಹೋಗುವವರೆಗೆ ಅವನು ಹೊಲಿದ.